ಅಕ್ಕನ ಕತ್ತಿನ ಮೇಲೆ ನನ್ನ ಕಾಲು

ನಾನು ಹುಟ್ಟುವಾಗ ತಲೆಗಿಂತ ಮೊದಲು ಕಾಲು ಹೊರಗೆ ಬಂತಂತೆ. ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯ ನಮ್ಮ ಮನೆಯಲ್ಲಿ ಹೆರಿಗೆ ಮಾಡಿಸಿದ ಸೂಲಗಿತ್ತಿ, ಮಗು ಗಂಡೋ ಹೆಣ್ಣೋ ಎಂದು ಹೇಳುವುದಕ್ಕೂ ಮುಂಚೆ ಅಮ್ಮನಿಗೆ, "ಈ ಕಾಲು ಉಳುಕು ತೆಗೀತೈತೆ, ಜೋಪಾನ ಕಣವ್ವ" ಅಂದಳಂತೆ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಕಾಲು ಮುಂದಾಗಿ ಹುಟ್ಟಿದವರು ಎಡಗಾಲಿನಿಂದ ಮೂರು ಸಲ ನೀವಿದರೆ ಸೊಂಟ, ಬೆನ್ನು, ಕತ್ತಿನ ಉಳುಕು ಬಿಡುತ್ತದೆ ಎಂಬ ನಂಬಿಕೆ. ನಾನು ಶಾಲೆಗೆ ಹೊರಡುವ ಮುಂಚೆ ಜಗುಲಿಯ ಮೇಲೆ ಯಾರಾದರೂ ಒಬ್ಬರು ಬೆನ್ನು ಹಿಡಿದುಕೊಂಡು ಕೂತೇ ಇರುತ್ತಿದ್ದರು. ಅಮ್ಮ ನನ್ನ ಪಾದಕ್ಕೆ ಹರಳೆಣ್ಣೆ ಸವರುತ್ತಿದ್ದಳು. ಅವರು ಹೊಸ್ತಿಲಿಗೆ ಅಡ್ಡಲಾಗಿ ಬೋರಲು ಮಲಗುತ್ತಿದ್ದರು. ನಾನು ಬೆನ್ನಿನ ಮೇಲೆ ಪಾದ ಎಳೆದು, ಕೈಕಾಲು ತೊಳೆದುಕೊಂಡು ಶಾಲೆಗೆ ಓಡುತ್ತಿದ್ದೆ. ಭಾರ ಬಿಡುತ್ತಿರಲಿಲ್ಲ. ನನಗೆ ಇದ್ದ ಭಾರವಾದರೂ ಎಷ್ಟು.

ಆಮೇಲೆ ಓದಿದೆ, ಲೈಬ್ರರಿ ಸೈನ್ಸ್‌ನಲ್ಲಿ ಡಿಗ್ರಿ ಮಾಡಿದೆ, ತುಮಕೂರಿನ ಒಂದು ಕಾಲೇಜಿನಲ್ಲಿ ಲೈಬ್ರರಿಯನ್ ಆದೆ. ಉಳುಕು ತೆಗೆಯುವ ಕಾಲು ಊರಲ್ಲೇ ಉಳಿಯಿತು ಎಂದುಕೊಂಡಿದ್ದೆ.

ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ಹೆಸರು ರತ್ನ. ಗುಬ್ಬಿಯಲ್ಲಿ ಮನೆ. ಭಾವ ಹಾಲಿನ ಡೈರಿಯಲ್ಲಿ ಕೆಲಸ ಮಾಡುತ್ತಾರೆ, ಅಕ್ಕ ಮುಂದಿನ ಕೋಣೆಯಲ್ಲಿ ಮೆಷಿನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಾಳೆ. ಇಪ್ಪತ್ತೈದು ವರ್ಷ ತಲೆ ಬಗ್ಗಿಸಿ ಹೊಲಿದವಳ ಕತ್ತು ಸುಮ್ಮನಿರುತ್ತದೆಯೇ? ಆರು ವರ್ಷದಿಂದ ನೋವು. ಮುಲಾಮು ಹಚ್ಚಿದಳು, ಮಾತ್ರೆ ನುಂಗಿದಳು, ಮದುವೆ ಸೀಸನ್ನಿನಲ್ಲಿ ಕತ್ತಿಗೆ ಬೆಲ್ಟ್ ಹಾಕಿಕೊಂಡೇ ಹೊಲಿದಳು. ಒಂದು ಭಾನುವಾರ ಬೆಳಿಗ್ಗೆ ನಾನು ಗುಬ್ಬಿಗೆ ಹೋದಾಗ ಅವಳು ನನ್ನ ಕಡೆ ತಿರುಗಿ ನೋಡಲು ಇಡೀ ಮೈಯನ್ನೇ ತಿರುಗಿಸಿದಳು.

"ಬಾರೇ, ಒಂದ್ಸಲ ತುಳಿದ್ಬುಡು" ಅಂದಳು. "ಊರೋರಿಗೆಲ್ಲ ತುಳಿದೆ, ಒಡಹುಟ್ಟಿದೋಳಿಗೆ ಬ್ಯಾಡ್ವಾ?"

"ಅಕ್ಕ, ನೀನು ದೊಡ್ಡೋಳು. ನಿನ್ನ ಕತ್ತಿಗೆ ಕಾಲಿಡೋಕೆ ನಂಗೆ ಮನಸ್ಸು ಬರಲ್ಲ."

"ದೊಡ್ಡೋಳು ಅನ್ನೋ ಮರ್ಯಾದೆ ಇದ್ರೆ ಹೇಳಿದ ಮಾತು ಕೇಳು."

ಪೇಪರ್ ಓದುತ್ತಿದ್ದ ಭಾವ ತಲೆಯೆತ್ತದೆ, "ಲೈಬ್ರರಿ ಮೇಡಂ ಕಾಲಿಗೂ ಈಗ ಅಪಾಯಿಂಟ್‌ಮೆಂಟ್ ಬೇಕು ಕಣೇ" ಅಂದರು. ನಾವಿಬ್ಬರೂ ನಕ್ಕೆವು.

ನಾನು ಬೇಡ ಅಂದದ್ದು ಅಪಾಯದ ಯೋಚನೆಯಿಂದಲ್ಲ. ಹಿರಿಯಳಿಗೆ ಕಾಲು ತಾಗಿಸಬಾರದು ಎಂಬ ಸಂಕೋಚದಿಂದ. ಅಷ್ಟೆಲ್ಲ ಪುಸ್ತಕಗಳ ನಡುವೆ ಕೂತು ಕೆಲಸ ಮಾಡುವವಳಿಗೆ ಆ ಇನ್ನೊಂದು ಯೋಚನೆ ಬರಲೇ ಇಲ್ಲ.

ಅವಳು ಹೊಸ್ತಿಲಿಗೆ ಅಡ್ಡಲಾಗಿ ಬೋರಲು ಮಲಗಿದಳು. ಪಾದಕ್ಕೆ ಎಣ್ಣೆ ಹಚ್ಚಿಕೊಂಡು, ಬಾಗಿಲ ಚೌಕಟ್ಟು ಹಿಡಿದುಕೊಂಡು, ಕತ್ತಿನಿಂದ ಭುಜದ ಕಡೆಗೆ ಮೂರು ಸಲ ಕಾಲು ಎಳೆದೆ.

"ಇಷ್ಟೇನಾ? ಇರುವೆ ಹರಿದಂಗಾಯ್ತು. ಒಸಿ ಭಾರ ಬಿಡೇ."

ಭಾರ ಬಿಟ್ಟೆ. ಶಾಲೆಗೆ ಓಡುತ್ತಿದ್ದ ಹುಡುಗಿಯ ಭಾರವಲ್ಲ ಅದು, ನಲವತ್ತು ದಾಟಿದ ಹೆಂಗಸಿನದು. ಪಾದದ ಕೆಳಗೆ ಲಟಕ್ ಎಂದಿತು. ಆ ಶಬ್ದ ಕಿವಿಗೆ ಕೇಳಿಸಿದ್ದಕ್ಕಿಂತ ಹೆಚ್ಚಾಗಿ ನನ್ನ ಹಿಮ್ಮಡಿಗೆ ಗೊತ್ತಾಯಿತು.

"ಹಾ, ಬಿಡ್ತು ಕಣೇ" ಅಂದಳು ಅಕ್ಕ. ಎದ್ದು ಕೂತು ಕತ್ತನ್ನು ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು. ತಿರುಗಿತು.

ಎರಡು ದಿನ ನೋವೇ ಇರಲಿಲ್ಲ. ಭಾವ ಡೈರಿಯಲ್ಲಿ ಹಾಲು ಹಾಕಲು ಬಂದವರಿಗೆಲ್ಲ ನಾದಿನಿಯ ಕಾಲಿನ ವಿಷಯ ಹೇಳಿದರು. ಚೇಳೂರಿನ ಕಡೆಯಿಂದ ಒಬ್ಬರು ನನ್ನ ನಂಬರ್ ಇಸಿದುಕೊಂಡು ಫೋನ್ ಮಾಡಿ, ಮುಂದಿನ ಭಾನುವಾರ ಬರಬಹುದೇ ಎಂದು ಕೇಳಿದರು. ನನಗೆ ಒಳಗೊಳಗೇ ಖುಷಿಯಾಗಿತ್ತು.

ಬುಧವಾರ ಮಧ್ಯಾಹ್ನ ಲೈಬ್ರರಿಯಲ್ಲಿದ್ದಾಗ ಅಕ್ಕನ ಫೋನ್ ಬಂತು.

"ಹುಕ್ಕು ಹೊಲಿಯೋಕೆ ಆಗ್ತಿಲ್ಲ ಕಣೇ. ಸೂಜಿ ಹಿಡ್ಕೊಂಡಿದೀನೋ ಇಲ್ವೋ ಅಂತ ನೋಡಿದ್ರೇನೆ ಗೊತ್ತಾಗೋದು."

"ಜೋಮು ಹಿಡಿದಿರ್ಬೇಕು ಅಕ್ಕ. ಕೈ ಒದರು."

"ಬೆಳಿಗ್ಗೆಯಿಂದ ಒದರ್ತಾನೇ ಇದೀನಿ."

ಗುಬ್ಬಿಯ ಡಾಕ್ಟರು ಎಕ್ಸ್‌ರೇ ತೆಗೆಸಿ, ಕತ್ತಿನ ಮೂಳೆ ಸವೆದಿದೆ, ತುಮಕೂರಿಗೆ ಹೋಗಿ ಹತ್ತು ದಿನ ಫಿಸಿಯೋಥೆರಪಿ ಮಾಡಿಸಿ ಎಂದು ಬರೆದುಕೊಟ್ಟರು. ಅಕ್ಕ ಬಸ್ಸಿನಲ್ಲಿ ಬರುತ್ತಿದ್ದಳು. ನಾನು ಬಸ್‌ಸ್ಟ್ಯಾಂಡಿಗೆ ಹೋಗಿ ಕರೆದುಕೊಂಡು ಹೋಗುತ್ತಿದ್ದೆ. ಅಲ್ಲಿಂದ ಎರಡು ರಸ್ತೆ ದಾಟಿದರೆ ಕ್ಲಿನಿಕ್ಕು: ಕೆಳಗೆ ಔಷಧಿ ಅಂಗಡಿ, ಮೇಲೆ ಮೂರು ಹಾಸಿಗೆ, ಹಸಿರು ಪರದೆ. ಹೊರಗಿನ ಕುರ್ಚಿಗಳಲ್ಲಿ ಕೂತವರೆಲ್ಲ ಮಂಡಿಯನ್ನೋ ಭುಜವನ್ನೋ ತಾವೇ ಸವರಿಕೊಳ್ಳುತ್ತಿದ್ದರು. ಕತ್ತಿಗೆ ಬೆಲ್ಟ್ ಹಾಕಿಕೊಂಡ ಒಬ್ಬ ರಿಟೈರ್ಡ್ ಬಸ್ ಡ್ರೈವರ್ ಮಾತ್ರ ಉತ್ಸಾಹದಲ್ಲಿದ್ದರು.

"ಟೈಲರಾ ಅಮ್ಮ?" ಅಂದರು ಅಕ್ಕನಿಗೆ. "ನೀವು ಬಗ್ಗಿ ಕೆಡಿಸ್ಕೊಂಡ್ರಿ, ನಾನು ರಿವರ್ಸ್ ಹಾಕೋವಾಗ ಹಿಂದಕ್ಕೆ ತಿರುಗಿ ಕೆಡಿಸ್ಕೊಂಡೆ. ಈಗ ನಮ್ಮನೆಯೋಳು ಕರೆದ್ರೂ ತಿರುಗಿ ನೋಡಂಗಿಲ್ಲ. ಒಂಥರಾ ಒಳ್ಳೇದೇ ಆಯ್ತು."

ಅಕ್ಕ ಬಾಯಿಗೆ ಸೆರಗು ಹಿಡಿದು ನಕ್ಕಳು. ಸೆರಗು ಬೆರಳಿನಿಂದ ಜಾರಿ ಬಿತ್ತು.

ಫಿಸಿಯೋಥೆರಪಿ ಮೇಡಂ ನಮ್ಮ ಕಾಲೇಜಿನ ವಿದ್ಯಾರ್ಥಿನಿಯರಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು, ಅಷ್ಟೆ. ನಮ್ಮ ತಾಲ್ಲೂಕಿನದೇ ಹುಲಿಯೂರುದುರ್ಗದ ಕಡೆಯವರು. ಮೊದಲ ದಿನ ಒಂದು ಹಾಳೆ ಹಿಡಿದುಕೊಂಡು ಪ್ರಶ್ನೆ ಕೇಳಿದರು. ಬಿದ್ದಿದ್ದೀರಾ? ಇಲ್ಲ. ಸಕ್ಕರೆ ಕಾಯಿಲೆ? ಇಲ್ಲ. "ಯಾರ ಹತ್ರನಾದ್ರೂ ಕತ್ತು ಎಳಿಸ್ಕೊಂಡಿದ್ದು, ನೀವಿಸ್ಕೊಂಡಿದ್ದು, ಲಟಿಕೆ ತೆಗೆಸ್ಕೊಂಡಿದ್ದು ಉಂಟಾ?"

"ಇಲ್ಲ ಮೇಡಂ" ಅಂದಳು ಅಕ್ಕ. ನನ್ನ ಕಡೆ ನೋಡಲಿಲ್ಲ.

ನಾನು ಗೋಡೆಯ ಮೇಲಿದ್ದ ಬೆನ್ನುಮೂಳೆಯ ಚಿತ್ರ ನೋಡುತ್ತಾ ನಿಂತಿದ್ದೆ. ಒಂದೇ ಒಂದು ವಾಕ್ಯ ಹೇಳಬೇಕಿತ್ತು. ಈ ಹುಡುಗಿಯ ಮುಂದೆ, ಕಾಲೇಜಿನ ಐಡಿ ಕಾರ್ಡನ್ನು ಕತ್ತಿಗೆ ಹಾಕಿಕೊಂಡು ನಿಂತು, ನಾನು ಕಾಲಿನಿಂದ ಉಳುಕು ತೆಗೆಯುವವಳು ಎಂದು ಹೇಗೆ ಹೇಳುವುದು? ಮೇಡಂ ಹಾಳೆಯಲ್ಲಿ ಗೀಟು ಎಳೆದು ಮುಂದಿನ ಪ್ರಶ್ನೆಗೆ ಹೋದರು. ಆ ಗೀಟು ನನ್ನದು.

ಎರಡು ದಿನ ಶಾಖ ಕೊಟ್ಟರು, ಸಣ್ಣಗೆ ಕರೆಂಟ್ ಹಿಡಿಸಿದರು, ಗದ್ದ ಒಳಗೆ ಎಳೆದುಕೊಳ್ಳುವ ವ್ಯಾಯಾಮ ಹೇಳಿಕೊಟ್ಟರು. ಮೂರನೆಯ ದಿನ ಬಸ್‌ಸ್ಟ್ಯಾಂಡಿನಿಂದ ಬರುತ್ತಿದ್ದಾಗ ಹಿಂದಿನಿಂದ ಹೂ ಮಾರುವಾಕೆ ಕೂಗಿದಳು: "ಅಮ್ಮ, ನಿಮ್ಮ ಚಪ್ಪಲಿ." ತಿರುಗಿ ನೋಡಿದರೆ ಅಕ್ಕನ ಎಡಗಾಲಿನ ಚಪ್ಪಲಿ ಇಪ್ಪತ್ತು ಹೆಜ್ಜೆ ಹಿಂದೆ ರಸ್ತೆಯಲ್ಲಿ ಬಿದ್ದಿತ್ತು. ಅಕ್ಕ ಬಿಸಿಲಿಗೆ ಕಾದ ಡಾಂಬರಿನ ಮೇಲೆ ಬರಿಗಾಲಲ್ಲಿ ನಡೆದು ಬಂದಿದ್ದಳು. ಅವಳಿಗೆ ಗೊತ್ತೇ ಆಗಿರಲಿಲ್ಲ.

ಇಬ್ಬರೂ ಆ ಚಪ್ಪಲಿಯನ್ನು ನೋಡಿದೆವು. "ಸವೆದೋಗ್ಯದೆ ಕಣೇ, ಹೊಸದು ತಗೋಬೇಕು" ಅಂದಳು. ನಾನು ಹೂಂ ಅಂದೆ. ಅದು ಸವೆದಿರಲಿಲ್ಲ.

ಅವತ್ತು ಟ್ರಾಕ್ಷನ್. ಮಲಗಿಸಿ, ಗದ್ದಕ್ಕೂ ತಲೆಯ ಹಿಂಭಾಗಕ್ಕೂ ಪಟ್ಟಿ ಬಿಗಿದು, ಮೆಷಿನ್ನಿನಿಂದ ಕತ್ತನ್ನು ನಿಧಾನವಾಗಿ ಎಳೆಯುತ್ತಾರೆ. ಸ್ವಲ್ಪ ಹೊತ್ತು ಹಿಡಿದು ಬಿಡುತ್ತಾರೆ. ತುಂಬ ಜನಕ್ಕೆ ಇದರಿಂದ ಹಾಯೆನಿಸುತ್ತದೆ, ಡ್ರೈವರ್ ಸಾಹೇಬರಿಗೆ ಅದರಲ್ಲೇ ನಿದ್ದೆ ಬರುತ್ತಿತ್ತಂತೆ. ಮೇಡಂ ಪಟ್ಟಿ ಬಿಗಿಯುವಾಗ ಅಕ್ಕ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದಳು: "ಎರಡು ದಿನದಿಂದ ತಲೆ ಬಗ್ಗಿಸಿದ್ರೆ ಬೆನ್ನೊಳಗೆ ಕರೆಂಟ್ ಹೊಡ್ದಂಗೆ ಸರ್ರಂತ ಇಳೀತದೆ ಕಣೇ, ಕಾಲಿನವರ್ಗೂ. ಇವರ ಕರೆಂಟ್ ಇನ್ನೂ ಮೈಯಲ್ಲೇ ಉಳಿದದೇನೋ." ತಮಾಷೆ ಮಾಡುತ್ತಿದ್ದಳು. ಕಣ್ಣು ತಮಾಷೆ ಮಾಡುತ್ತಿರಲಿಲ್ಲ.

ಮೇಡಂ ಸ್ವಿಚ್ ಒತ್ತಿದರು. ಮೆಷಿನ್ ಗುಂಯ್ ಎಂದಿತು. ಪಟ್ಟಿ ಬಿಗಿಯಿತು, ಅಕ್ಕನ ಗದ್ದ ಮೇಲಕ್ಕೆ ಹೋಯಿತು, ಬೈತಲೆಯ ಹತ್ತಿರದ ಚರ್ಮ ಎಳೆದುಕೊಂಡಿತು. ಮೆಷಿನ್ ಒಂದು ಸಲ ಎಳೆದು ಬಿಟ್ಟಿತು. ಅಷ್ಟು ಹೊತ್ತೂ ನಾನು ಸುಮ್ಮನಿದ್ದೆ. ಇದನ್ನು ಇಲ್ಲಿ ಬರೆಯದೆ ಹೋದರೆ ಉಳಿದದ್ದನ್ನು ಬರೆದು ಪ್ರಯೋಜನವಿಲ್ಲ. ಎರಡನೆಯ ಸಲ ಪಟ್ಟಿ ಬಿಗಿಯತೊಡಗಿದಾಗ ಹಾಸಿಗೆಯ ಮೇಲಿದ್ದ ಅವಳ ಬೆರಳುಗಳು ತಾವಾಗಿಯೇ ಅದುರಿದವು.

"ಮೇಡಂ, ನಿಲ್ಸಿ. ನಾನು ಇವಳ ಕತ್ತು ತುಳಿದಿದೀನಿ."

ಅರ್ಥವಾಗುವ ಮೊದಲೇ ಮೇಡಂ ಕೈ ಸ್ವಿಚ್ಚಿಗೆ ಹೋಗಿತ್ತು. ಪಟ್ಟಿ ಸಡಿಲವಾಯಿತು. ನಾನು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ: ಕಾಲು, ಭಾರ, ಶಬ್ದ, ಸೂಜಿ, ಚಪ್ಪಲಿ, ಬೆನ್ನಿನಲ್ಲಿ ಇಳಿಯುವ ಕರೆಂಟು. ಪರದೆಯ ಆಚೆ ಡ್ರೈವರ್ ಸಾಹೇಬರ ಮಾತು ನಿಂತಿತು. ಅಕ್ಕ ಮಲಗಿದ್ದಲ್ಲಿಂದಲೇ, "ಅವಳದೇನಿಲ್ಲ ಮೇಡಂ, ನಾನೇ ತುಳಿ ಅಂದಿದ್ದು" ಅಂದಳು.

ಮೇಡಂ ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಬೈಯಲಿಲ್ಲ. ಅಕ್ಕನ ಮಂಡಿಗೆ, ಮೊಣಕೈಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಮಂಡಿ ತಟ್ಟಿದಾಗ ಕಾಲು ಒದ್ದಂತೆ ಮೇಲೆದ್ದಿತು. ಗೆರೆಯ ಮೇಲೆ ನಡೆಯುವ ಹಾಗೆ, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಹೆಬ್ಬೆರಳು ತಾಗಿಸಿ ನಡೆಯಲು ಹೇಳಿದರು. ನಾಲ್ಕನೆಯ ಹೆಜ್ಜೆಗೆ ಅಕ್ಕ ವಾಲಿದಳು, ಮೇಡಂ ಹಿಡಿದುಕೊಂಡರು.

"ಇದು ಬರೀ ಕತ್ತು ನೋವಲ್ಲ ಅಮ್ಮ. ಒಳಗೆ ಬೆನ್ನುಹುರಿ ಒತ್ತಿರೋ ಥರ ಇದೆ. ಇವತ್ತೇ ಎಂಆರ್‌ಐ ಆಗ್ಬೇಕು. ನಾನು ಇನ್ನೂ ಸರಿಯಾಗಿ ಚೆಕ್ ಮಾಡ್ಬೇಕಿತ್ತು." ಆಮೇಲೆ ನನ್ನ ಕಡೆ ತಿರುಗಿ, "ಮುಂಚೆ ಹೇಳಿದ್ರೆ ಈ ಮೆಷಿನ್ ಹತ್ರಾನೇ ಕರ್ಕೊಂಡು ಬರ್ತಿರ್ಲಿಲ್ಲ. ಹೋಗ್ಲಿ, ಈಗ್ಲಾದ್ರೂ ಹೇಳಿದ್ರಲ್ಲ. ನಮ್ಮಜ್ಜಿನೂ ತುಳಿಸ್ಕೊಳ್ತಿದ್ರು" ಅಂದರು. ಆ ಕೊನೆಯ ಮಾತು ಹೇಳದಿದ್ದರೆ ನಾನು ಅಲ್ಲಿ ನಿಂತಿರುತ್ತಿರಲಿಲ್ಲ.

ಕತ್ತಿಗೆ ಗಟ್ಟಿ ಬೆಲ್ಟ್ ಹಾಕಿ ಆಟೋದಲ್ಲಿ ಸ್ಕ್ಯಾನ್ ಸೆಂಟರಿಗೆ ಕರೆದುಕೊಂಡು ಹೋದೆವು. ತುಮಕೂರಿನ ರಸ್ತೆಯ ಒಂದೊಂದು ಹಂಪ್‌ಗೂ ನಾನು ಅಕ್ಕನ ಬೆರಳು ನೋಡುತ್ತಿದ್ದೆ. ಡ್ರೈವರ್ ಸಾಹೇಬರು ತಮ್ಮ ಸರದಿ ಬಿಟ್ಟು ಮುಂದಿನ ಸೀಟಿನಲ್ಲಿ ಕೂತು, "ಮೆಲ್ಲಗೆ ಬುಡಪ್ಪ, ಮೊಟ್ಟೆ ಲೋಡ್ ಅಂದ್ಕೊ" ಅಂತ ಆಟೋದವನಿಗೆ ದಾರಿಯುದ್ದಕ್ಕೂ ಹೇಳುತ್ತಿದ್ದರು. ಅವರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.

ಸ್ಕ್ಯಾನ್ ಸೆಂಟರಿನಲ್ಲಿ ಅಕ್ಕನ ತಾಳಿ, ಓಲೆ, ಕಾಲುಂಗುರ ಬಿಚ್ಚಿ ನನ್ನ ಕೈಗೆ ಕೊಟ್ಟರು. ಬಾಗಿಲು ಮುಚ್ಚಿತು. ಒಳಗಿನಿಂದ ಗುದ್ದುವ ಸದ್ದು. ಗುಬ್ಬಿಯಿಂದ ಓಡಿಬಂದ ಭಾವ ನನ್ನ ಪಕ್ಕ ಕೂತರು. ಅವರಿಗೂ ಹೇಳಿದೆ. "ನಿನ್ನ ಕಾಲಿಂದ ವಾಸಿ ಆಯ್ತು ಅಂತ ನಾನು ಊರಿಗೆಲ್ಲ ಹೇಳ್ಕೊಂಡು ಬಂದ್ನಲ್ಲಮ್ಮ" ಅಂದರು. ಅದು ಬೈಗುಳವಾಗಿದ್ದರೆ ಸಹಿಸಬಹುದಿತ್ತು. ಪಾಪ, ಅವರು ತಮ್ಮದೂ ತಪ್ಪಿದೆ ಎಂದು ಹೇಳುತ್ತಿದ್ದರು.

ಮೇಡಂ ಕಳಿಸಿದ ಬೆನ್ನುಮೂಳೆಯ ಡಾಕ್ಟರು ಸ್ಕ್ಯಾನ್ ಚಿತ್ರವನ್ನು ಬೆಳಕಿಗೆ ಹಿಡಿದು ಪೆನ್ನಿನ ತುದಿಯಿಂದ ತೋರಿಸಿದರು. ಬೆಳ್ಳಗಿನ ಒಂದು ದಾರ, ಎರಡು ಕಡೆ ಹಿಸುಕಿದಂತೆ ಸಣ್ಣಗಾಗಿತ್ತು. ಈಗಲೇ ಆಪರೇಷನ್ ಬೇಡ, ಆರು ವಾರ ಕಾಯೋಣ ಅಂದರು. ಬೆಲ್ಟ್ ತೆಗೆಯುವ ಹಾಗಿಲ್ಲ, ಹೊಲಿಗೆ ಮೆಷಿನ್ ತುಳಿಯುವ ಹಾಗಿಲ್ಲ, ಬೀಳುವ ಹಾಗಂತೂ ಇಲ್ಲವೇ ಇಲ್ಲ. ನಡಿಗೆ ಇನ್ನೂ ವಾಲಿದರೆ, ಕೈಯ ಬಲ ಇಳಿದರೆ, ಮೂತ್ರದ ಮೇಲೆ ಹಿಡಿತ ತಪ್ಪಿದರೆ ಆ ಕ್ಷಣ ಹೊರಟು ಬರಬೇಕು. ಹೋದದ್ದು ವಾಪಸ್ ಬರುತ್ತದೆ ಎಂದು ಯಾರೂ ಮಾತು ಕೊಡುವಂತಿಲ್ಲ.

ಅಕ್ಕ ಹೊರಗೆ ಹೋದ ಮೇಲೆ ನಾನು ಹಿಂದೆ ಉಳಿದೆ. "ಸಾರ್, ಇದು ನಾನು ತುಳಿದಿದ್ದರಿಂದ ಆಗಿದ್ದಾ?"

"ಸವೆತ ವರ್ಷಗಟ್ಟಲೆಯದು. ಅವತ್ತು ಅದಕ್ಕೆ ಎಷ್ಟು ಸೇರ್ತು ಅಂತ ನಾನೂ ಹೇಳಕ್ಕಾಗಲ್ಲ, ಯಾರೂ ಹೇಳಕ್ಕಾಗಲ್ಲ" ಅಂದರು. "ಇನ್ಮೇಲೆ ಯಾರ ಕತ್ತಿಗೂ ಹೋಗ್ಬೇಡಿ."

ಹೌದು ಅಂದಿದ್ದರೆ ಅತ್ತು ಮುಗಿಸುತ್ತಿದ್ದೆ. ಇಲ್ಲ ಅಂದಿದ್ದರೆ ಮರೆಯುತ್ತಿದ್ದೆ.

ಆರು ವಾರ ನಾನು ಮನುಷ್ಯಳಾಗಿರಲಿಲ್ಲ. ಬೆಳಿಗ್ಗೆ ಏಳು ಗಂಟೆಗೆ ಅಕ್ಕ ಫೋನ್ ಮಾಡಿ, ಹಾಸಿಗೆಯಿಂದ ತಾನೇ ಎದ್ದೆ, ಬಚ್ಚಲಿಗೆ ನಡೆದೆ, ಬ್ಲೌಸಿನ ಹುಕ್ಕು ಹಾಕಿಕೊಂಡೆ ಎಂದು ಒಪ್ಪಿಸಬೇಕು. ಅಲ್ಲಿಯವರೆಗೆ ನಾನು ಕಾಫಿಗೆ ಇಡುತ್ತಿರಲಿಲ್ಲ. ಒಂದು ವಾರ ಹುಕ್ಕನ್ನು ಭಾವ ಹಾಕಿಕೊಟ್ಟರು. ಆ ವಾರ ಲೈಬ್ರರಿಯಲ್ಲಿ ನಾನು ಏನು ಮಾಡಿದೆನೋ ನೆನಪಿಲ್ಲ. ಎಂಟನೆಯ ದಿನ, "ಎರಡು ನಾನೇ ಹಾಕ್ದೆ, ಉಳಿದಿದ್ದು ನಿಮ್ಮ ಭಾವ" ಅಂದಳು. ಆಮೇಲೆ ಮೂರು. ಅದು ನಿಂತು ನಿಂತು ಬಂದ ಗುಣ. ನಾನು ಪ್ರತಿ ದಿನವೂ ನಾಳೆ ಹೋಗಿಬಿಡುತ್ತದೆ ಎಂದೇ ಕಾಯುತ್ತಿದ್ದೆ.

ಆ ದಿನಗಳಲ್ಲೇ ಒಮ್ಮೆ ಕೇಳಿದೆ, ಮೇಡಂ ಕೇಳಿದಾಗ ಯಾಕೆ ಸುಳ್ಳು ಹೇಳಿದೆ ಎಂದು.

"ನಿಂಗೆ ಅವಮಾನ ಆಗದು ಬೇಡ ಅಂತ ಮೊದ್ಲು" ಅಂದಳು. "ಆಮೇಲೆ ನಂಗೂ ಭಯ ಆಯ್ತು ಕಣೇ. ನಿನ್ನ ಕಾಲಿಂದ ಅಂತ ಒಂದ್ಸಲ ಬಾಯಲ್ಲಿ ಬಂದ್ರೆ, ನಾಳೆ ನನ್ನ ಕೈ ಬರ್ದೇ ಹೋದ್ರೆ, ನೀನು ಈ ಮನೆ ಕಡೆ ತಲೆ ಹಾಕ್ತಿದ್ಯಾ?" ಅಂದಳು.

ನನ್ನನ್ನು ಕಳೆದುಕೊಳ್ಳಬಾರದೆಂದು ಅವಳು ತನ್ನ ಕೈಕಾಲನ್ನೇ ಪಣಕ್ಕಿಟ್ಟಿದ್ದಳು, ನಾನು ಪಕ್ಕದಲ್ಲಿ ನಿಂತು ಇಡಲು ಬಿಟ್ಟಿದ್ದೆ. ಡಾಕ್ಟರ ಮುಂದೆ ಬಾಯಿ ಬಿಡಲು ನಾಚುವವರು ನಮ್ಮಲ್ಲಿ ಬಹಳ. ನೀವಿಸಿಕೊಂಡದ್ದು, ತುಳಿಸಿಕೊಂಡದ್ದು, ಯಾರಿಂದಲೋ ಎಳೆಸಿಕೊಂಡದ್ದು, ಹೇಳಿಬಿಡಿ. ನಗುತ್ತಾರೆ ಎಂದುಕೊಂಡಿದ್ದೆ, ಯಾರೂ ನಗಲಿಲ್ಲ.

ಆರು ವಾರದ ಮೇಲೆ ಡಾಕ್ಟರು ಆಪರೇಷನ್ ಮಾತನ್ನು ಮುಂದಕ್ಕೆ ಹಾಕಿ, ಮತ್ತೆ ಅದೇ ಮೇಡಂ ಹತ್ತಿರ ಕಳಿಸಿದರು. ಈ ಸಲ ಎಳೆಯುವುದಿಲ್ಲ, ತಿರುಗಿಸುವುದಿಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಲ್ಲುವುದು, ಭುಜದ ರೆಕ್ಕೆಗಳನ್ನು ಹಿಂದಕ್ಕೆ ಸೇರಿಸುವುದು, ರಾಗಿ ಹಿಟ್ಟಿನ ಉಂಡೆಯನ್ನು ಬೆರಳಿನಿಂದ ಹಿಸುಕುವುದು. ಅದರಲ್ಲಿ ಒಂದು ವ್ಯಾಯಾಮಕ್ಕೆ ಇನ್ನೊಬ್ಬರು ಬೇಕು. ಅವರು ರೋಗಿಯ ತಲೆಯ ಹಿಂಭಾಗಕ್ಕೆ ಅಂಗೈ ಇಟ್ಟು ನಿಂತಿರಬೇಕು, ರೋಗಿ ತಲೆಯನ್ನು ಆ ಅಂಗೈಗೆ ಮೆಲ್ಲಗೆ ಒತ್ತಿ ಹತ್ತು ಎಣಿಸಬೇಕು. ಮೇಡಂ ನನ್ನನ್ನು ಕರೆದು ತೋರಿಸಿದರು. ನಾನು ಕೈ ಹಿಂದಕ್ಕೆ ಎಳೆದುಕೊಂಡು, "ಭಾವನಿಗೆ ಹೇಳಿಕೊಡಿ" ಅಂದೆ. ಭಾವ ಕಲಿತರು. ತುಳಿದ ದಿನದಿಂದ ನಾನು ಅಕ್ಕನ ಕತ್ತನ್ನು ಮುಟ್ಟಿರಲಿಲ್ಲ. ಜಡೆ ಹೆಣೆದುಕೊಡು ಅಂದರೂ ಏನಾದರೂ ನೆವ ಹೇಳುತ್ತಿದ್ದೆ.

ಬೆಳಗಿನ ಏಳರ ಫೋನ್ ಮಾತ್ರ ನಿಂತಿರಲಿಲ್ಲ. ಹೋದ ತಿಂಗಳು ಒಂದು ಬೆಳಿಗ್ಗೆ ಏಳಾಯಿತು, ಫೋನ್ ಬರಲಿಲ್ಲ. ಏಳೂಕಾಲಿಗೆ ನಾನೇ ಮಾಡಿದೆ, ಎತ್ತಲಿಲ್ಲ. ಭಾವ ಡೈರಿಯಲ್ಲಿದ್ದರು, ಅವರ ಫೋನೂ ಎತ್ತಲಿಲ್ಲ. ಹಾಕಿಕೊಂಡಿದ್ದ ಬಟ್ಟೆಯಲ್ಲೇ ಬಸ್ ಹತ್ತಿದೆ. ಕಂಡಕ್ಟರ್ ಆಧಾರ್ ಕಾರ್ಡ್ ಕೇಳಿದಾಗ ಮನೆಯ ಬೀಗದ ಕೈ ತೋರಿಸಿದೆ. ಬಚ್ಚಲ ಕಲ್ಲಿನ ಮೇಲೆ ಅವಳು ಬೋರಲು ಬಿದ್ದಿರುವುದು ಬಸ್ಸು ಹೆಗ್ಗೆರೆ ದಾಟುವಷ್ಟರಲ್ಲಿ ನನ್ನ ಕಣ್ಣಿಗೆ ಕಟ್ಟಿತ್ತು.

ಗುಬ್ಬಿಯಲ್ಲಿ ಇಳಿದು ಓಡಿದೆ. ಬಾಗಿಲು ತೆರೆದಿತ್ತು. ಅಕ್ಕ ಗೋಡೆಗೆ ಬೆನ್ನು ಕೊಟ್ಟು ನಿಂತು ಎಣಿಸುತ್ತಿದ್ದಳು. ಫೋನ್ ಒಳಗೆ ಚಾರ್ಜಿಗೆ ಹಾಕಿತ್ತು.

"ಏನೇ ಇದು, ತಲೆನೂ ಬಾಚ್ಕೊಂಡಿಲ್ಲ" ಅಂದಳು.

ನಾನು ಅಲ್ಲೇ ಕೂತುಬಿಟ್ಟೆ. ಅವಳು ನೀರು ತಂದುಕೊಟ್ಟಳು. ಲೋಟ ಅವಳ ಕೈಯಲ್ಲಿ ನೆಟ್ಟಗೆ ಇತ್ತು.

"ಸರಿ, ಬಂದಿದೀಯಲ್ಲ" ಅಂದು ಸ್ಟೂಲು ಎಳೆದುಕೊಂಡು ನನಗೆ ಬೆನ್ನು ಮಾಡಿ ಕೂತಳು. "ನಿಮ್ಮ ಭಾವ ಬರೋದು ಒಂಬತ್ತಕ್ಕೆ. ಹಿಂದೆ ಕೈ ಇಡು."

"ಅಕ್ಕ, ಭಾವನೇ ಬರ್ಲಿ."

"ಅವರ ಕೈ ಹಾಲು ವಾಸನೆ. ಇಡೇ."

ಇಟ್ಟೆ. ಕೂದಲ ಕೆಳಗೆ ಬಿಸಿ ಇತ್ತು. ಅಂಗೈಯ ಕೆಳಗೆ, ಇನ್ನೆರಡು ಬೆರಳು ಆಚೆಗೆ, ಲಟಕ್ ಎಂದಿದ್ದ ಆ ಜಾಗವಿತ್ತು. ಕೈ ಅಲ್ಲಿಗೆ ಜಾರದಿರಲಿ ಎಂದು ಇನ್ನೊಂದು ಕೈಯಿಂದ ಮಣಿಕಟ್ಟು ಹಿಡಿದುಕೊಂಡೆ.

"ನೀನು ಒತ್ತಬೇಡ" ಅಂದಳು ಅಕ್ಕ. "ಒತ್ತೋದು ನನ್ನ ಕೆಲಸ. ನೀನು ಸುಮ್ನೆ ನಿಂತ್ಕೊ."

ಅವಳ ತಲೆ ನನ್ನ ಅಂಗೈಗೆ ಮೆಲ್ಲಗೆ ಒರಗಿತು. ಅವಳು ಎಣಿಸತೊಡಗಿದಳು. ಐದರವರೆಗೆ ಅವಳೊಬ್ಬಳೇ ಎಣಿಸಿದಳು. ಆರರಿಂದ ನಾನೂ ಎಣಿಸಿದೆ.